ಮಗಳಿಗೆ ಮಾತು ಬರುವ ತನಕ

ಆ ದೀಪಾವಳಿಯ ಸಂಜೆ ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕೂಸುಗಳೆಲ್ಲ ಅಳುತ್ತಿದ್ದವು. ಕೆಳಗೆ ಪಾರ್ಕಿಂಗಿನಲ್ಲಿ ಹಚ್ಚುತ್ತಿದ್ದ ಪಟಾಕಿಗೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ಎದುರು ಮನೆಯವಳು ತನ್ನ ಮಗುವಿನ ಕಿವಿಗೆ ಹತ್ತಿ ಇಟ್ಟು ಒಳಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನನ್ನ ಏಳು ತಿಂಗಳ ಮಗಳು ಮಾತ್ರ ಹೊರಕೋಣೆಯ ಚಾಪೆಯ ಮೇಲೆ ಕೈ ಚೆಲ್ಲಿ ನಿದ್ದೆ ಮಾಡುತ್ತಿದ್ದಳು. ಚಕಲಿ, ಉಂಡಿ ತುಂಬಿದ ತಾಟು ಕೊಡಲು ಬಂದ ಕೆಳಗಿನ ಮನೆಯ ಅಜ್ಜಿ ಅವಳನ್ನು ನೋಡಿ, ಇಂಥ ಶಾಂತ ಕೂಸನ್ನು ನಾನು ಕಂಡೇ ಇಲ್ಲ ಎಂದು ಮರಾಠಿಯಲ್ಲಿ ಹೊಗಳಿದರು. ನಾನು ಬೀಗಿದೆ. ನಮ್ಮದು ಕ್ರೈಸ್ತರ ಮನೆ, ಪ್ರಾರ್ಥನೆಯ ಮನೆ, ಅದಕ್ಕೇ ಕೂಸು ಹೀಗೆ ನೆಮ್ಮದಿಯಾಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ಬೀಗುವಿಕೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗೊತ್ತಾದದ್ದು ಎರಡು ತಿಂಗಳ ಮೇಲೆ, ಲಸಿಕೆ ಹಾಕಿಸಲು ಹೋದಾಗ. ನರ್ಸಿನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿದ್ದ ನಾಲ್ಕೈದು ಕೂಸುಗಳು ಬೆಚ್ಚಿ ತಿರುಗಿದವು. ನನ್ನ ತೊಡೆಯ ಮೇಲಿದ್ದವಳು ನನ್ನ ಸೆರಗಿನ ದಾರ ಎಳೆಯುತ್ತಲೇ ಇದ್ದಳು. ನರ್ಸು ತಟ್ಟೆ ಎತ್ತಿಕೊಂಡು ಒಂದು ಕ್ಷಣ ನನ್ನ ಮಗಳನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಳಗೆ ಹೋಗಿ ಡಾಕ್ಟರಿಗೆ ಹೇಳಿದಳು.

ಪರೀಕ್ಷೆಗಳಾದವು. ಎರಡೂ ಕಿವಿ ಕೇಳಿಸುವುದಿಲ್ಲ, ಹುಟ್ಟಿನಿಂದಲೇ ಎಂದರು. ನಾನು ಆಗ ಹಡಪಸರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ದೂರದ ದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ರೆಕಾರ್ಡು ಮಾಡಿ ಕಳಿಸಿದ ಮಾತನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸ. ಯಾರೋ ಕೆಮ್ಮಿದರೂ, ಕಾಗದ ಮಗುಚಿದರೂ ನನಗೆ ಕೇಳಿಸುತ್ತಿತ್ತು. ಹೀಗೆ ದಿನಕ್ಕೆ ಎಂಟು ತಾಸು ಕೇಳಿಯೇ ಅನ್ನ ತಿನ್ನುತ್ತಿದ್ದವಳಿಗೆ ಒಂಬತ್ತು ತಿಂಗಳು ತನ್ನ ಮಗಳಿಗೆ ಕೇಳಿಸುವುದಿಲ್ಲ ಎಂಬುದು ತಿಳಿದಿರಲಿಲ್ಲ. ಆ ವಾರವೇ ಕೆಲಸ ಬಿಟ್ಟೆ. ಹೆಡ್‌ಫೋನ್ ಮತ್ತೆ ಹಾಕಿಕೊಳ್ಳಲು ಆಗಲಿಲ್ಲ.

ನಾನು ಗದಗಿನ ಕಡೆಯವಳು. ಮೂರು ತಲೆಮಾರಿನಿಂದ ನಮ್ಮದು ಕ್ರೈಸ್ತ ಮನೆತನ. ಅಪ್ಪ ಶಾಲಾ ಮಾಸ್ತರು, ಭಾನುವಾರ ಸಭೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ನನ್ನ ಗಂಡನ ಮನೆಯವರು ಬೆಳಗಾವಿಯವರು, ಗಂಡ ಸಣ್ಣವರಿದ್ದಾಗಲೇ ಪುಣೆಗೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಾವ ತೀರಿಕೊಂಡಿದ್ದರು, ಅತ್ತೆ ನಮ್ಮ ಜೊತೆಗಿದ್ದರು. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಹಾಲಿನಲ್ಲಿ ಸೇರುವ ಸಣ್ಣ ಕನ್ನಡ ಸಭೆಗೆ ಹೋಗುತ್ತಿದ್ದೆವು. ಅಲ್ಲಿ ಎಲ್ಲರಿಗೂ ಸುದ್ದಿ ತಿಳಿಯಿತು, ಎಲ್ಲರೂ ಪ್ರಾರ್ಥಿಸಿದರು. ಒಬ್ಬರು ಉಪವಾಸ ಮಾಡು ಎಂದರು. ಇನ್ನೊಬ್ಬರು ನಿನ್ನ ನಂಬಿಕೆಯಲ್ಲಿ ಎಲ್ಲೋ ಬಿರುಕಿದೆ, ಹುಡುಕಿಕೋ ಎಂದರು. ನಾನು ಉಪವಾಸ ಮಾಡಿದೆ, ಬಿರುಕನ್ನೂ ಹುಡುಕಿದೆ. ಹುಡುಕಲು ಹೊರಟರೆ ಬಿರುಕಿಗೇನು ಕಡಿಮೆ?

ಕಿವಿಗೆ ಇಂಪ್ಲಾಂಟ್ ಕೂರಿಸುವ ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಇನ್ನೂ ತಿಂಗಳುಗಳಿದ್ದಾಗ ಬೇರೆ ಊರಿನಿಂದ ಒಬ್ಬ ಬೋಧಕರು ಬಂದರು. ಪ್ರಾರ್ಥನಾ ಕೂಟ ಒಬ್ಬರ ಮನೆಯ ಮಹಡಿಯಲ್ಲಿತ್ತು, ಬೆಳಗಿನ ಹೊತ್ತು. ಅತ್ತೆಯೇ ಮಗಳನ್ನು ಎತ್ತಿಕೊಂಡು ಮುಂದೆ ಹೋಗಿ ಕೂತರು. ಬೋಧಕರು ಅವಳ ಎರಡೂ ಕಿವಿಗೆ ಹೆಬ್ಬೆರಳಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಅವರ ಮುಖದಲ್ಲಿ ಬೆವರಿತ್ತು, ಅವರು ಮೋಸಗಾರರೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆಮೇಲೆ ಅವಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಮಗಳು ತಿರುಗಿದಳು. ಕೋಣೆಯೆಲ್ಲ ಎದ್ದು ನಿಂತಿತು. ಯಾರೋ ಹಾಡು ಶುರು ಮಾಡಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಆದರೆ ನಾನು ನೋಡಿದ್ದೆ. ಬೋಧಕರ ಹಿಂದಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅವರು ಕೈ ಎತ್ತಿದಾಗ ಅದರ ನೆರಳು ಮಗಳ ಮುಂದಿನ ಗೋಡೆಯ ಮೇಲೆ ಹಾದುಹೋಗಿತ್ತು. ಅವಳು ತಿರುಗಿದ್ದು ಆ ನೆರಳನ್ನು ಕಂಡು.

ಮನೆಗೆ ಬಂದು ಅವಳ ಹಿಂದೆ ನಿಂತು ಕರೆದೆ. ಕೊಡದ ಮೇಲೆ ಚಮಚದಿಂದ ಬಡಿದೆ. ಏನೂ ಇಲ್ಲ. ಅತ್ತೆ ಸಂಭ್ರಮದಲ್ಲಿ ಬೆಳಗಾವಿಗೆ ಫೋನು ಮಾಡುತ್ತಿದ್ದರು, ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಸೊಪ್ಪು ಸೋಸುತ್ತಾ ಅವರೇ ಹೇಳಿದರು: "ನೆಳ್ಳು ನನಗೂ ಕಂಡಿತ್ತವ್ವಾ."

"ಮತ್ತ ಯಾಕ ಅತ್ತ್ರಿ? ಯಾಕ ಎಲ್ಲಾರಿಗೂ ಫೋನ್ ಮಾಡಿದ್ರಿ?"

"ಒಂದ್ನಾಕು ದಿನ ಖರೇ ಅಂತ ಇರ್ಲಿ ಅನ್ನಿಸ್ತು," ಎಂದರು. ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

ಮಗಳಿಗೆ ಒಂದೂವರೆ ವರ್ಷವಾದಾಗ ಇಂಪ್ಲಾಂಟ್ ಆಪರೇಷನ್ ಆಯಿತು. ತಲೆಯ ಚರ್ಮದ ಒಳಗೊಂದು ತುಣುಕು, ಹೊರಗೆ ಕಿವಿಯ ಹಿಂದೊಂದು ಯಂತ್ರ, ಎರಡಕ್ಕೂ ನಡುವೆ ಅಯಸ್ಕಾಂತದಿಂದ ಅಂಟುವ ಗುಂಡನೆಯ ಬಿಲ್ಲೆ. ಗಾಯ ಮಾಗಿದ ಮೇಲೆ ಯಂತ್ರ ಶುರು ಮಾಡುವ ದಿನ ನಾವೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ಮೊದಲ ಸದ್ದು ಕೇಳಿದ ಕೂಸು ನಗುವ ವಿಡಿಯೊಗಳನ್ನು ನಾನು ಬಹಳ ನೋಡಿದ್ದೆ. ನನ್ನವಳು ನಗಲಿಲ್ಲ. ಕಿರುಚಿ, ಬಿಲ್ಲೆ ಕಿತ್ತು ಎಸೆದಳು. ನನ್ನ ದನಿಯೇ ಅವಳಿಗೆ ಕೇಳಿಸಿದ ಮೊದಲ ದನಿ. ಅದನ್ನು ಕೇಳಿ ಅವಳು ಹೆದರಿದಳು.

ಮಾತು ಕಲಿಸುವ ಥೆರಪಿಸ್ಟ್ ನನಗಿಂತ ಸಣ್ಣ ವಯಸ್ಸಿನ ಮರಾಠಿ ಹುಡುಗಿ, ಬಹಳ ಶಿಸ್ತಿನವಳು. "ಇವತ್ತು ಆಕಿ ಕಿವಿಗೆ ಒಂದು ದಿನ ವಯಸ್ಸು," ಎಂದು ಮರಾಠಿಯಲ್ಲಿ ಹೇಳಿದಳು. "ಹುಟ್ಟಿದ ಕೂಸಿಗೆ ಎಷ್ಟು ಕಾಯ್ತೀರೋ ಅಷ್ಟು ಕಾಯ್ರಿ." ಆಮೇಲೆ, ಈಗ ಸದ್ಯಕ್ಕೆ ಮನೆಯಲ್ಲಿ ಎಲ್ಲರೂ ಕೂಸಿನ ಜೊತೆ ಒಂದೇ ಭಾಷೆ ಆಡಬೇಕು, ಮುಂದೆ ಶಾಲೆಯೂ ಓಣಿಯೂ ಮರಾಠಿಯೇ ಇರುವುದರಿಂದ ಮರಾಠಿಯೇ ವಾಸಿ ಎಂದಳು. ಗಂಡ ತಕ್ಷಣ ಒಪ್ಪಿದರು. ಅವರಿಗೆ ಎರಡೂ ಸಲೀಸು. ಅತ್ತೆಗೂ ನಡೆಯುತ್ತಿತ್ತು. ನನ್ನದು ಸಂತೆಯ ಮರಾಠಿ. ಮೆಂತ್ಯದ ಸಿವುಡಿನ ಬೆಲೆ ಇಳಿಸಬಲ್ಲೆ, ರಿಕ್ಷಾದವನ ಜೊತೆ ಜಗಳಾಡಬಲ್ಲೆ. ಕೂಸಿಗೆ ಎಣ್ಣೆ ಹಚ್ಚುತ್ತಾ ಆಡುವ ಮಾತು, ಚಂದ್ರನನ್ನು ತೋರಿಸುವ ಮಾತು, ಬಿದ್ದಾಗ ನೆಲಕ್ಕೆ ಹೊಡೆದು ಸಮಾಧಾನ ಮಾಡುವ ಮಾತು ನನ್ನ ಹತ್ತಿರ ಆ ಭಾಷೆಯಲ್ಲಿ ಇರಲಿಲ್ಲ. ಅವ್ವ ನನಗೆ ಹೇಳಿದ ಜೋಗುಳವನ್ನು ಬಾಯೊಳಗೇ ಇಟ್ಟುಕೊಂಡೆ. ಮಗಳನ್ನು ಮಲಗಿಸುವಾಗಿನ ಪ್ರಾರ್ಥನೆ ಮರಾಠಿಯಲ್ಲಿ ಎರಡು ಸಾಲಿಗೆ ಮುಗಿಯುತ್ತಿತ್ತು. ನನ್ನ ಪ್ರಾರ್ಥನೆ ಆಮೇಲೆ ಕನ್ನಡದಲ್ಲಿ, ತುಟಿ ಅಲ್ಲಾಡಿಸದೆ. ಅದೂ ಒಂದೇ ಸಾಲು: ಅವಳ ಬಾಯಿಂದ ಒಂದು ಮಾತು ಬರಲಿ.

ಥೆರಪಿ ಮಂಗಳವಾರ ಮತ್ತು ಶುಕ್ರವಾರ. ಸ್ವಾರಗೇಟ್ ಹತ್ತಿರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿ. ಮಗುವಿನ ಜೊತೆ ತಾಯಿ ಒಳಗೆ ಕೂರುವುದು ರೂಢಿ. ಆದರೆ ನನ್ನನ್ನು ಥೆರಪಿಸ್ಟ್ ಆಗಾಗ ಹೊರಗೆ ಕಳಿಸುತ್ತಿದ್ದಳು, ಏಕೆಂದರೆ ಮಗಳು ಉತ್ತರ ಕೊಡುವ ಮೊದಲೇ ನಾನು ಅವಳ ಕೈ ಹಿಡಿದು ಉತ್ತರ ಕೊಡಿಸುತ್ತಿದ್ದೆ. "ಆ" ಎಂಬ ಸದ್ದು ಕೇಳಿದರೆ ಒಂದು ಮರದ ತುಂಡನ್ನು ಬುಟ್ಟಿಗೆ ಹಾಕಬೇಕು, ಇಷ್ಟೇ ಆಟ. ಅವಳು ತುಂಡನ್ನು ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ಕೂರುತ್ತಿದ್ದಳು. ನನ್ನ ಕೈ ತಡೆಯುತ್ತಿರಲಿಲ್ಲ.

ಹೊರಗೆ ಉದ್ದನೆಯ ವರಾಂಡ. ಗೋಡೆಗೆ ಹೊಂದಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಉಳಿದ ತಾಯಂದಿರು ಅಲ್ಲಿ ಕೂರುತ್ತಿದ್ದರು. ನಾನು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಒಂದು ದಿನ ಥೆರಪಿಸ್ಟ್ ಬಾಗಿಲು ತೆರೆದು, "ನಿಮ್ಮ ಚಪ್ಪಲಿ ಸಪ್ಪಳ ಒಳಗ ಕೇಳಸ್ತದ್ರಿ," ಎಂದಳು. "ಆಕಿಗೂ ಕೇಳಿಸ್ತೇನು?" ಎಂದು ಕೇಳಿದೆ. ಅವಳು ಬಾಗಿಲು ಹಾಕಿಕೊಂಡಳು. ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿಂದ ತನ್ನ ಚೀಲ ತೆಗೆದು ಜಾಗ ಮಾಡಿದಳು.

ಅವಳು ಪುಣೆಯಿಂದ ದೂರದ ಭೋರ್ ಎಂಬ ಊರಿನಿಂದ ಬರುತ್ತಿದ್ದಳು. ಬೆಳಿಗ್ಗೆ ಎದ್ದು ಸರಕಾರಿ ಎಸ್.ಟಿ. ಬಸ್ಸು ಹಿಡಿದು, ಆರು ವರ್ಷದ ಮಗಳನ್ನು ಕರೆದುಕೊಂಡು. ಗಂಡ ಇಲ್ಲೇ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಊರಿಗೆ ಹೋಗುತ್ತಿದ್ದ. ಹುಡುಗಿ ಹಠಮಾರಿ, ಕರೆದರೆ ಬರುವುದಿಲ್ಲ ಎಂದೇ ಮನೆಯವರು ನಾಲ್ಕು ವರ್ಷ ಅಂದುಕೊಂಡಿದ್ದರಂತೆ. ಬಹಳ ಸಲ ಹೊಡೆದಿದ್ದರಂತೆ. ಕಿವಿಯ ವಿಷಯ ತಿಳಿಯುವಷ್ಟರಲ್ಲಿ ತಡವಾಗಿತ್ತು. ಆಪರೇಷನ್ನಿನಿಂದ ಇನ್ನು ಹೆಚ್ಚು ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಎರಡು ಕಿವಿಗೂ ಸಾದಾ ಮಷೀನು ಹಾಕಿ ಕರೆತರುತ್ತಿದ್ದಳು.

ಅವಳು ನನ್ನನ್ನು "ತಾಈ" ಎನ್ನುತ್ತಿದ್ದಳು, ಮರಾಠಿಯಲ್ಲಿ ಅಕ್ಕ ಎಂದು. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಥೆರಪಿಸ್ಟ್ ಒಂದು ಹಾಳೆಯಲ್ಲಿ ಬರೆದು ಕೊಡುತ್ತಿದ್ದಳು. ಭೋರ್‌ನವಳಿಗೆ ಓದಲು ಬರುತ್ತಿತ್ತು, ಆದರೆ ಹೇಗೆ ಮಾಡಿಸುವುದೆಂದು ತಿಳಿಯುತ್ತಿರಲಿಲ್ಲ. ನಾನು ಅವಳ ಮಗಳನ್ನು ಮುಂದೆ ಕೂರಿಸಿಕೊಂಡು ತೋರಿಸಿಕೊಡುತ್ತಿದ್ದೆ: ಬಾಯಿಗೆ ಹಾಳೆ ಅಡ್ಡ ಹಿಡಿದು ಮಾತಾಡಬೇಕು, ಹುಡುಗಿ ತುಟಿ ನೋಡಬಾರದು, ಕೇಳಿಯೇ ಹೇಳಬೇಕು. ಅದಕ್ಕೆ ಬದಲು ಅವಳು ನನಗೆ ಮರಾಠಿ ಕೊಟ್ಟಳು. ಕೂಸಿನ ಬೆನ್ನು ಉಜ್ಜುವಾಗ ಏನೆನ್ನುತ್ತಾರೆ, ಕಾಗೆಗೆ ತುತ್ತು ಹಾಕುವಾಗ ಏನೆನ್ನುತ್ತಾರೆ, ಚಿಕ್ಕದಕ್ಕೆ ಸೀನು ಬಂದರೆ ಏನೆನ್ನುತ್ತಾರೆ. ನಾನು ಅದನ್ನು ಕನ್ನಡ ಅಕ್ಷರದಲ್ಲಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ಬಗ್ಗಿ ನೋಡಿ ತನ್ನ ಮರಾಠಿಯಲ್ಲಿ, "ಇದೇನು ಜಿಲೇಬಿ ಬರದಂಗ ಬರೀತೀರಿ," ಎನ್ನುತ್ತಿದ್ದಳು.

ಇದರಿಂದ ನನ್ನ ತಳಮಳ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಯಂತ್ರ ಹಾಕಿ ಎಂಟು ತಿಂಗಳಾದರೂ ಮಗಳ ಬಾಯಿಂದ ಒಂದು ಮಾತಿಲ್ಲ. ಸದ್ದಿಗೆ ತಿರುಗುತ್ತಿದ್ದಳು, ಕುಕ್ಕರ್ ಸೀಟಿಗೆ ಅಡುಗೆಮನೆಯತ್ತ ನೋಡುತ್ತಿದ್ದಳು, ಅಷ್ಟೇ. ನಮಗಿಂತ ಆಮೇಲೆ ಬಂದವರ ಮಕ್ಕಳು ಮುಂದೆ ಹೋದರು. ಒಂದು ಶುಕ್ರವಾರ ಹಳದಿ ಅಂಗಿಯ ಒಂದು ಕೂಸು ಆ ವರಾಂಡದಲ್ಲೇ ತನ್ನ ತಾಯಿಯತ್ತ ಕೈ ಚಾಚಿ "ಆಈ" ಎಂದಿತು. ಎಲ್ಲರೂ ಆ ತಾಯಿಯನ್ನು ಅಪ್ಪಿಕೊಂಡರು. ನಾನೂ ಅಪ್ಪಿಕೊಂಡೆ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು, ಆ ಕೂಸಿನ ಮೇಲೆ ನನಗೆ ಬಂದ ಸಿಟ್ಟನ್ನು ಕಂಡು ನಾನೇ ಹೆದರಿದೆ. ಎರಡು ವರ್ಷದ ಕೂಸಿನ ಮೇಲೆ ಸಿಟ್ಟು.

ಸಭೆಗೆ ಹೋಗುವುದನ್ನು ನಿಲ್ಲಿಸಿದೆ. ದೇವರ ಮೇಲಿನ ಮುನಿಸಿಗಿಂತ ಹೆಚ್ಚಾಗಿ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಹೆದರಿ. "ಏನರ ಮಾತಾಡಿದ್ಲೇನ್ರಿ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಗಂಡ ಮತ್ತು ಅತ್ತೆ ಹೋಗಿ ಬರುತ್ತಿದ್ದರು. ನಾನು ಭಾನುವಾರವೂ ಮಗಳನ್ನು ಕೂರಿಸಿಕೊಂಡು ಮರದ ತುಂಡು, ಬುಟ್ಟಿ. ಚೆಂಡು ತೋರಿಸಿ ಚೆಂಡು ಎನ್ನಿಸು, ನೀರು ತೋರಿಸಿ ನೀರು ಎನ್ನಿಸು. ಅನ್ನುವ ತನಕ ನೀರು ಕೊಡದೆ ಹಿಡಿದುಕೊಳ್ಳುತ್ತಿದ್ದೆ. ಅವಳು ಅಳುತ್ತಿದ್ದಳು. ಒಂದು ಭಾನುವಾರ ಗಂಡ ಸಭೆಯಿಂದ ಬಂದು ಬೂಟು ಬಿಚ್ಚುತ್ತಾ ಇದನ್ನು ನೋಡಿದರು. ನನ್ನ ಕೈಯಿಂದ ಲೋಟ ತೆಗೆದು ಮಗಳಿಗೆ ನೀರು ಕುಡಿಸಿದರು.

"ನೀ ಆಕಿ ಜೋಡಿ ಮಾತಾಡಂಗಿಲ್ಲ," ಎಂದರು. "ಮುಂಜಾನಿಂದ ಸಂಜಿ ತನಕ ಬರೇ ಪರೀಕ್ಷಾ ತಗೋತಿ."

"ನೀವು ಹೊರಗ ಇರ್ತೀರಿ. ನಿಮಗೇನು ಗೊತ್ತು?"

"ಹೌದು. ನನಗ ಗೊತ್ತಿಲ್ಲ. ಆದ್ರ ಆಕಿ ನಿನ್ನ ಕಂಡ್ರ ಹೆದರ್ತಾಳ. ಅದಂತೂ ಕಾಣಸ್ತದ."

ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಅವರು ಹೇಳಿದ್ದು ನಿಜ ಎಂಬುದೇ ಸಿಟ್ಟಿಗೆ ಕಾರಣ.

ಅದೇ ಸುಮಾರಿಗೆ ಭೋರ್‌ನವಳು ಬರುವುದು ನಿಂತಿತು. ಒಂದು ವಾರ, ಎರಡು ವಾರ, ಮೂರು ವಾರ. ಫೋನು ತಗಲುತ್ತಿರಲಿಲ್ಲ. ಥೆರಪಿಸ್ಟಿಗೂ ತಿಳಿಯದು. ಕೊನೆಗೆ ನಾನು ಮಗಳನ್ನು ಎತ್ತಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದೆ. ಉಳ್ಳಾಗಡ್ಡಿ ಇಳಿಸುವ ಸಾಲಿನಲ್ಲಿ ಅವಳ ಗಂಡನನ್ನು ಕೇಳುತ್ತಾ ಅಲೆದೆ. ಲಾರಿಗಳ ಹಾರ್ನು, ಹಮಾಲರ ಕೂಗು, ಮಗಳು ಬೆದರಿ ನನ್ನ ಕುತ್ತಿಗೆಗೆ ಮುಖ ಒತ್ತಿದ್ದಳು. ಆತ ಸಿಕ್ಕ. ಹೆಗಲ ಮೇಲಿನ ಗೋಣಿ ಬಟ್ಟೆ ತೆಗೆದು ಬೆವರು ಒರೆಸಿಕೊಂಡು ಹೇಳಿದ: "ಅಕ್ಕಾವ್ರ, ಆಕಿ ಇನ್ನ ಬರೂದಿಲ್ಲ. ಹುಡುಗೀನ್ನ ಕಿವುಡ ಮಕ್ಕಳ ಸಾಲಿಗೆ ಹಾಕೀವಿ. ಅಲ್ಲೆ ಕೈಮಾತು ಕಲಸ್ತಾರ."

ಕೈಮಾತು ಎಂದರೆ ನನ್ನ ಲೆಕ್ಕದಲ್ಲಿ ಸೋಲು. ಎರಡು ವರ್ಷದ ದುಡಿಮೆಯನ್ನು ಕೈಬಿಟ್ಟು ಹೋಗುವುದೆಂದರೇನು. ಅವಳಿಗೆ ತಿಳಿಹೇಳಿ ವಾಪಸು ಕರೆತರಬೇಕು ಎಂದು ಮುಂದಿನ ಶನಿವಾರವೇ ಮಗಳನ್ನು ಕರೆದುಕೊಂಡು ಭೋರ್ ಬಸ್ಸು ಹತ್ತಿದೆ. ಅತ್ತೆ ಡಬ್ಬಿಗೆ ಚಪಾತಿ ಕಟ್ಟಿಕೊಡುತ್ತಾ, "ಆಕಿನ್ನ ಬೈಯಾಕ ಹೊಂಟೀಯೋ, ನೋಡಾಕ ಹೊಂಟೀಯೋ?" ಎಂದು ಕೇಳಿದರು. ನಾನು ಡಬ್ಬಿಯನ್ನು ಚೀಲಕ್ಕೆ ತುರುಕಿ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮರಾಠಿಯಲ್ಲಿ ಕಟ್ಟುತ್ತಾ ಹೋದೆ.

ಅವಳ ಮನೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಏರಿನ ಮೇಲೆ. ನಾನು ಹೋದಾಗ ಅಂಗಳದಲ್ಲಿ ನಾಲ್ಕೈದು ಜನ ಕೂತು ನಗುತ್ತಿದ್ದರು. ನಡುವೆ ಅವಳ ಮಗಳು ನಿಂತಿದ್ದಳು. ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ ಹುಡುಗಿ ಇವಳೇ ಎಂದು ನಂಬಲು ನನಗೆ ಹೊತ್ತು ಹಿಡಿಯಿತು. ಅವಳು ಏನೋ ಕಥೆ ಹೇಳುತ್ತಿದ್ದಳು. ಎರಡು ಕೈಯಿಂದ ಕೊಂಬು ಮಾಡಿದಳು, ಬಾಲ ಮಾಡಿದಳು, ಓಡಿದಳು, ಯಾರೋ ಕೆಸರಿನಲ್ಲಿ ಬಿದ್ದರು, ಅವರ ಟೊಪ್ಪಿಗೆ ಹಾರಿತು. ಮಾತಿಲ್ಲದೆ ನನಗೂ ಅಷ್ಟು ತಿಳಿಯಿತು. ಶಾಲೆಯ ಮಾಸ್ತರರನ್ನು ಎಮ್ಮೆ ಅಟ್ಟಿಸಿಕೊಂಡು ಹೋದ ಕಥೆಯಂತೆ ಅದು. ಅವಳ ತಾಯಿ ನಗುನಗುತ್ತಾ ಒಂದೆರಡು ಒರಟು ಸನ್ನೆಯಲ್ಲಿ ಏನೋ ಕೇಳಿದಳು. ಹುಡುಗಿ ತಾಯಿಯ ಬೆರಳನ್ನು ಹಿಡಿದು ಸರಿಮಾಡಿ, ಇನ್ನೊಮ್ಮೆ ಹೇಳು ಎಂಬಂತೆ ತಲೆಯಾಡಿಸಿದಳು.

ಚಹಾ ಬಂತು. ನಾನು ಕಟ್ಟಿಕೊಂಡು ಬಂದಿದ್ದ ಮಾತು ಆ ಅಂಗಳಕ್ಕೆ ಹೊಂದುವಂತಿರಲಿಲ್ಲ. ಆದರೂ ಕೇಳಿದೆ: "ಇಷ್ಟು ದಿನ ಕಾದು, ಈಗ ಬಿಟ್ಟುಬಿಟ್ಟಿಯಲ್ಲ?"

ಅವಳಿಗೆ ಬೇಸರವಾಗಲಿಲ್ಲ. "ತಾಈ, ಆಕಿ ಭಾಳ ದಿನದಿಂದ ಏನೇನೋ ಹೇಳ್ತಿದ್ಲು," ಎಂದಳು. "ನಾ ಬಾಯಿ ನೋಡಕೋತ ಕುಂತಿದ್ದೆ. ಕೈ ನೋಡ್ಲೇ ಇಲ್ಲ."

ನನ್ನ ಮಗಳ ತಲೆ ಸವರಿ ಮತ್ತೆ ಹೇಳಿದಳು: "ನಿಮ್ಮಾಕಿದು ಬ್ಯಾರೆ. ಆಕಿಗೆ ಕೇಳಸ್ತದ, ಮಾತು ಬರ್ತದ. ನನ್ನಾಕಿಗೆ ಬರೂದಿಲ್ಲ ಅಂತ ನನಗ ಹೋದ ವರ್ಷನ ಗೊತ್ತಿತ್ತು. ನಿಮ್ಮ ಮುಂದ ಹೇಳಾಕ ನಾಚಿಕಿ. ನೀವು ಅಷ್ಟು ಕಷ್ಟಪಟ್ಟು ಕಲಿಸ್ತಿದ್ರಿ."

ಅಂದರೆ ಇಷ್ಟು ತಿಂಗಳು ಅವಳು ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಬಂದದ್ದರಲ್ಲಿ ಸ್ವಲ್ಪ ಭಾಗ ನನ್ನ ಮನಸ್ಸು ನೋಯಬಾರದೆಂದು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಗಳು ತೊಡೆಯ ಮೇಲೆ ನಿಂತು ಹೊರಗೆ ನೋಡುತ್ತಿದ್ದಳು. ಅವತ್ತು ಮೊದಲ ಸಲ ನಾನು ಅವಳ ಕೈ ನೋಡಿದೆ. ಆಡು ಕಂಡರೆ ಎರಡು ಬೆರಳಿನಿಂದ ಗಾಜನ್ನು ಕುಟ್ಟುತ್ತಿದ್ದಳು, ಪ್ರತಿ ಸಲವೂ ಆಡಿಗೇ, ಬೇರೆ ಯಾವುದಕ್ಕೂ ಅಲ್ಲ. ಹಸಿವಾದಾಗ ಮುಷ್ಟಿ ಬಿಗಿದು ನನ್ನ ಗಲ್ಲಕ್ಕೆ ಒತ್ತಿದಳು. ತಣ್ಣನೆ ಗಾಳಿ ಬಂದಾಗ ಅಂಗೈ ಕೊರಳಿಗಿಟ್ಟು ನನ್ನ ಮುಖ ನೋಡಿದಳು. ಇದೆಲ್ಲ ಎಷ್ಟು ದಿನದಿಂದ ನಡೆದಿತ್ತೋ. ನಾನು "ಬಕರೀ" ಎಂದೆ, ಆಡು ಎಂದು. ಹೇಳಿಸಲಿಕ್ಕಲ್ಲ, ಸುಮ್ಮನೆ, ಅವಳು ತೋರಿಸಿದ್ದಳಲ್ಲ ಎಂದು. ಅವಳು ನನ್ನ ಬಾಯಿಯತ್ತ ತಿರುಗಿ ನಕ್ಕಳು. ಪುಣೆ ಬರುವ ತನಕ ನಾವು ಹಾಗೆ ಮಾತಾಡಿದೆವು.

ಅವತ್ತು ಆ ಒಂದು ಸಾಲಿನ ಪ್ರಾರ್ಥನೆಯನ್ನು ನಾನು ಮಾಡಲಿಲ್ಲ. ಮರೆತೆ ಎಂದರೂ ಸರಿ. ಮರುದಿನ ಸಭೆಗೆ ಹೋದೆ. ಬಾಗಿಲಲ್ಲಿ ಆ ಪ್ರಶ್ನೆ ಬಂತು. "ಇನ್ನೂ ಇಲ್ರಿ," ಎಂದೆ, "ಆದ್ರ ಆಕಿ ಆಡು ತೋರಸ್ತಾಳ." ಕೇಳಿದವರಿಗೆ ತಿಳಿಯಲಿಲ್ಲ. ಒಳಗೆ ಕೂತಾಗ ಒಂದು ಯೋಚನೆ ಬಂತು. ಭೋರ್‌ನವಳ ಹಾಗೆ ನಾನೂ ದೇವರ ಕೈ ನೋಡದೆ ಬಾಯನ್ನೇ ನೋಡುತ್ತಾ ಕೂತಿರಬಹುದು ಎಂದು. ಅದು ದೊಡ್ಡ ಸಮಾಧಾನವೇನೂ ಆಗಿರಲಿಲ್ಲ. ಹಾಡು ನಡೆದಿದ್ದಾಗಲೇ ಥೆರಪಿಸ್ಟ್ ಕೊಟ್ಟ ಹೊಸ ಹಾಳೆಯ ನೆನಪಾಗಿ ಕಾಲು ಅಲ್ಲಾಡಿಸತೊಡಗಿದ್ದೆ. ಅತ್ತೆ ನನ್ನ ಮೊಳಕಾಲ ಮೇಲೆ ಕೈಯಿಟ್ಟರು.

ವರಾಂಡದಲ್ಲಿ ಹೊಸ ತಾಯಂದಿರು ಬರುತ್ತಿದ್ದರು. ಭೋರ್‌ನವಳ ಕುರ್ಚಿಯಲ್ಲಿ ಯಾರೋ ಒಬ್ಬಳು ಕೂತು ಬಿಲ್ಲೆ ಹಿಡಿದುಕೊಂಡು ಅಳುತ್ತಿರುತ್ತಿದ್ದಳು. ಕೂಸು ಅದನ್ನು ಕಿತ್ತು ಎಸೆದರೆ ಬಟ್ಟೆಯ ಪಟ್ಟಿ ಕಟ್ಟಿ ನಿಲ್ಲಿಸುವುದು ಹೇಗೆಂದು ತೋರಿಸಿದೆ. ಹಾಳೆ ಓದಿ ಹೇಳಿದೆ. ಮೊದಲು ಅದು ಕಾಲ ಕಳೆಯಲು. ಆಮೇಲೆ ಥೆರಪಿಸ್ಟೇ, ಬುಧವಾರ ಬೆಳಿಗ್ಗೆ ಒಂದು ಕೋಣೆ ಖಾಲಿ ಇರುತ್ತದೆ, ಹೊಸಬರನ್ನು ಕೂರಿಸಿಕೊಂಡು ಮಾತಾಡುತ್ತೀರಾ ಎಂದು ಕೇಳಿದಳು. ನೀವು ಮಾಡಿದ ತಪ್ಪುಗಳನ್ನೆಲ್ಲ ಅವರಿಗೆ ಹೇಳಿ ಎಂದೂ ಸೇರಿಸಿದಳು. ಅವು ನನ್ನ ಹತ್ತಿರ ಸಾಕಷ್ಟಿದ್ದವು. ನೀರಿನ ಲೋಟದ ಕಥೆಯನ್ನು ನಾನು ಮೊದಲು ಹೇಳಿದ್ದು ಆ ಕೋಣೆಯಲ್ಲಿ, ಮೂವರು ಅಪರಿಚಿತ ಹೆಂಗಸರ ಮುಂದೆ. ಒಬ್ಬಳು ತಾನೂ ಹಾಗೆ ಮಾಡುತ್ತೇನೆಂದು ಮೆಲ್ಲಗೆ ಹೇಳಿದಳು.

ಮಗಳು ಮೊದಲ ಮಾತಾಡಿದ್ದು ಒಂದು ಬುಧವಾರ. ನಾನು ಮನೆಯಲ್ಲಿರಲಿಲ್ಲ. ಯಂತ್ರ ಹಾಕಿ ಹದಿಮೂರು ತಿಂಗಳಾಗಿತ್ತು. ನಾನು ಬಾಗಿಲು ತೆರೆದಾಗ ಅತ್ತೆ ಅಡುಗೆಮನೆಯಲ್ಲಿ ಬಾಣಲೆಯ ಮುಂದೆ ನಿಂತಿದ್ದರು, ಮುಖದಲ್ಲಿ ತಪ್ಪು ಮಾಡಿದವರ ಕಳೆ.

"ಆಕಿ ಮಾತಾಡಿದ್ಲು," ಎಂದರು.

"ಏನಂದ್ಲು?"

"ಉಪ್ಪಿಟ್ಟು ಕೊಟ್ರ 'ನಕೊ' ಅಂದ್ಲು."

ನಕೊ ಎಂದರೆ ಮರಾಠಿಯಲ್ಲಿ ಬೇಡ. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತೆ. ಎರಡು ವರ್ಷ ಆ ಬಾಯನ್ನು ನೋಡುತ್ತಾ ಕೂತವಳು ನಾನು. ಅದು ತೆರೆದಾಗ ನಾನು ಸ್ವಾರಗೇಟಿನಲ್ಲಿ ಯಾರದೋ ಕೂಸಿನ ತಲೆಗೆ ಪಟ್ಟಿ ಕಟ್ಟುತ್ತಿದ್ದೆ. ಮೊದಲು ಅತ್ತೆಯ ಮೇಲೆ ಮತ್ಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅತ್ತೆಯ ಮುಖ ನೋಡಿ ನಗು ಬಂತು. ಉಪ್ಪಿಟ್ಟು ಬಡಿಸಿಕೊಂಡು ಮಗಳ ಮುಂದೆ ಕೂತು ಒಂದು ಚಮಚ ಚಾಚಿದೆ. ಅವಳು ಮುಖ ತಿರುಗಿಸಿದಳು. ಇನ್ನೊಂದು. ತಟ್ಟೆಯನ್ನು ದೂಡಿದಳು. ನಾಲ್ಕನೆಯ ಸಲ ಹುಬ್ಬು ಗಂಟಿಕ್ಕಿ, ಸಣ್ಣ ಒಡಕು ದನಿಯಲ್ಲಿ, ನನ್ನನ್ನೇ ನೋಡುತ್ತಾ ಹೇಳಿದಳು: "ನಕೊ." ನಾನು ತಕ್ಷಣ ಚಮಚ ಇಳಿಸಿದೆ. ಮಾತಿಗೆ ಬೆಲೆಯಿದೆ ಎಂದು ಅವಳಿಗೆ ತಿಳಿಯಬೇಕಲ್ಲ. ಅತ್ತೆ ಗ್ಯಾಸ್ ಆರಿಸಿ ನನ್ನ ಪಕ್ಕ ಬಂದು ಕೂತರು. ಪ್ರಾರ್ಥಿಸಬೇಕು ಎಂದು ಇಬ್ಬರಿಗೂ ಅನ್ನಿಸಿತು, ಇಬ್ಬರಿಗೂ ಮಾತು ಹೊರಡಲಿಲ್ಲ.

ಈಗ ಅವಳಿಗೆ ಆರು ನಡೆಯುತ್ತಿದೆ. ಮರಾಠಿ ಪಟಪಟ ಆಡುತ್ತಾಳೆ, ಕೆಲವು ಅಕ್ಷರ ಇನ್ನೂ ಮಸುಕು. ಥೆರಪಿಸ್ಟ್ ಒಪ್ಪಿದ ಮೇಲೆ ಕನ್ನಡವನ್ನೂ ಶುರು ಮಾಡಿದ್ದೇವೆ, ಅತ್ತೆಯ ಕನ್ನಡ, "ಬರ್ರಿ ಕುಂದರ್ರಿ" ಎಂಬ ಕನ್ನಡ. ಭೋರ್‌ನವಳ ಮಗಳು ವರ್ಷಕ್ಕೆ ಒಂದೆರಡು ಸಲ ಬರುತ್ತಾಳೆ, ಇಬ್ಬರೂ ಕೋಣೆ ಸೇರಿಕೊಂಡು ಕೈಯಲ್ಲಿ ಗುಟ್ಟು ಮಾತಾಡುತ್ತಾರೆ. ನಾನು ಹಿಂದಿನ ಆಫೀಸಿಗೆ ಮರಳಲಿಲ್ಲ. ಬುಧವಾರದ ಜೊತೆ ಗುರುವಾರವೂ ಸೇರಿದೆ. ಶಾಂತಳಾದೆನೇ ಎಂದು ಯಾರಾದರೂ ಕೇಳಿದರೆ ಇಲ್ಲ. ಈ ಜೂನಿನಲ್ಲಿ ಯಾವ ಶಾಲೆ ಇವಳನ್ನು ತೆಗೆದುಕೊಳ್ಳುತ್ತದೋ ಎಂದು ಮತ್ತೆ ಕಾಯುತ್ತಿದ್ದೇನೆ, ದಿನಕ್ಕೆ ಹತ್ತು ಸಲ ಫೋನು ನೋಡುತ್ತೇನೆ. ಪ್ರಾರ್ಥನೆ ಮಾತ್ರ ಒಂದೇ ಸಾಲಿನದಾಗಿ ಉಳಿದಿಲ್ಲ. ಅದರಲ್ಲಿ ಈಗ ಬೇರೆಯವರ ಮಕ್ಕಳೂ ಇದ್ದಾರೆ, ಮುನಿಸೂ ಇದೆ, ಕೆಲವೊಮ್ಮೆ ಮಾತೇ ಇರುವುದಿಲ್ಲ.

ಹೋದ ವಾರ ಬುಧವಾರದ ಕೋಣೆಗೆ ಒಬ್ಬ ಹುಡುಗಿ ಕೂಸಿನ ಜೊತೆ ಬಂದಳು. ಬೆಂಗಳೂರಿನ ಕಡೆಯವಳು, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಕೂಸಿಗೆ ಯಂತ್ರ ಹಾಕಿ ಹತ್ತು ದಿನ. ಮರಾಠಿ ಒಂದಕ್ಷರ ಬರುವುದಿಲ್ಲ. ಹಿಂದಿಯಲ್ಲಿ ತಡವರಿಸುತ್ತಿದ್ದವಳಿಗೆ ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಅವಳ ಕಣ್ಣು ತುಂಬಿತು.

"ಅಕ್ಕ, ಮಾತು ಬರೋಕೆ ಎಷ್ಟು ದಿನ ಆಗುತ್ತೆ? ಒಂದು ಅಂದಾಜಾದ್ರೂ ಹೇಳಿ, ಪ್ಲೀಸ್. ಆರು ತಿಂಗಳಾ? ಒಂದು ವರ್ಷಾನಾ?"

"ನನಗ ಗೊತ್ತಿಲ್ಲವ್ವಾ," ಎಂದೆ.

ಅವಳು ಮುಖ ಸಣ್ಣದು ಮಾಡಿದಳು. ಅವಳ ಕೂಸು ಅಷ್ಟರಲ್ಲಿ ನನ್ನ ಚೀಲದ ಜಿಪ್ಪನ್ನು ತೆರೆದು, ಒಳಗೆ ಕೈ ಹಾಕಿ, ಬಾಚಣಿಗೆಯನ್ನು ಹೊರಗೆಳೆದು, ತಾಯಿಯತ್ತ ಎತ್ತಿ ಹಿಡಿದು ನಿಂತಿತ್ತು.

"ನೋಡು," ಎಂದೆ, "ಆಕಿ ನಿನಗ ಏನೋ ಹೇಳ್ಯಾಳ."

ಅವಳು ಕಣ್ಣೊರೆಸಿಕೊಂಡು ಕೂಸಿನ ಕಡೆ ತಿರುಗಿದಳು.